ಏಳನೇ ವಾರದ ಕೆಂಪು ಕೆನ್ನೆ: ಹಸುಗೂಸಿನ ಎಕ್ಸಿಮಾ, ಅಲರ್ಜಿ ಮತ್ತು ಕೈತಪ್ಪಿದ ಹದಿನೈದು ವಾರ

ಎಕ್ಸಿಮಾ ಎಂದರೆ ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ. ಇಲ್ಲಿ ಬರುವ ಕೂಸು ಒಂದು ಮಾದರಿ. ಹುಬ್ಬಳ್ಳಿ–ಧಾರವಾಡ ಸೀಮೆಯ ಮನೆಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಆಸ್ಪತ್ರೆಗೆ ಬರುವಂಥ ಮಕ್ಕಳ ಲಕ್ಷಣಗಳನ್ನು ಒಂದೇ ಮಗುವಿನಲ್ಲಿ ಕೂಡಿಸಿ ಬರೆದಿದೆ. ಮಗುವಿನ ತೂಕ, ರಕ್ತಪರೀಕ್ಷೆಯ ಅಂಕಿ, ಭೇಟಿಗಳ ದಿನಗಳು ಈ ಮಾದರಿಗೆ ಸೇರಿದವು. ಅಧ್ಯಯನಗಳ ಅಂಕಿಅಂಶಗಳು ಮಾತ್ರ ನಿಜವಾಗಿ ಪ್ರಕಟವಾಗಿರುವಂಥವು.

ಬಂದಾಗಿನ ಸ್ಥಿತಿ

ಹೆಣ್ಣುಕೂಸು, 22 ವಾರ. ಸೆಪ್ಟೆಂಬರ್ ನಡುವೆ ಸಿಸೇರಿಯನ್ ಹೆರಿಗೆ, ತುಂಬಿದ ತಿಂಗಳು, ಹುಟ್ಟಿದಾಗಿನ ತೂಕ 2.9 ಕಿಲೋ. ಬಾಣಂತನ ತಾಯಿಯ ತವರಿನಲ್ಲಿ. ನವೆಂಬರ್ ಮೊದಲ ವಾರ, ಕೂಸಿಗೆ ಏಳು ವಾರವಾಗಿದ್ದಾಗ, ಎರಡೂ ಕೆನ್ನೆ ಕೆಂಪಾಗಿ ಒರಟಾದವು. ಚಳಿಗೆ ಮುಖ ಒಡೆದಿದೆ ಅಂದುಕೊಂಡರು. ಹತ್ತನೇ ವಾರಕ್ಕೆ ಹಣೆ, ಕಿವಿಯ ಹಿಂದೆ, ತೋಳಿನ ಹೊರಮೈ. ಹದಿನಾಲ್ಕನೇ ವಾರಕ್ಕೆ ಮೊಣಕಾಲಿನ ಕೆಳಗೆ, ಹೊಟ್ಟೆಯ ಮೇಲೆ ಅಲ್ಲಲ್ಲಿ. ಕೂಸು ತಲೆಯನ್ನು ದಿಂಬಿಗೆ ಉಜ್ಜುತ್ತಿತ್ತು. ರಾತ್ರಿ ಒಂದೂವರೆ ತಾಸಿಗೊಮ್ಮೆ ಏಳುತ್ತಿತ್ತು. ಇಷ್ಟು ಎಳೆಯ ಕೂಸಿಗೆ ಉಗುರಿನಿಂದ ಗುರಿಯಿಟ್ಟು ಕೆರೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಉಜ್ಜುವುದನ್ನೂ ನಿದ್ದೆಗೇಡನ್ನೂ ತುರಿಕೆಯ ಲೆಕ್ಕಕ್ಕೇ ಹಿಡಿಯಬೇಕು.

ಫೆಬ್ರುವರಿಯಲ್ಲಿ ಒಪಿಡಿಗೆ ಬಂದಾಗ ತೂಕ 5.9 ಕಿಲೋ. ಹುಟ್ಟಿನಿಂದ ಹಿಡಿದುಕೊಂಡು ಬಂದಿದ್ದ ಬೆಳವಣಿಗೆಯ ಗೆರೆಯಿಂದ ಕೆಳಗೆ ಜಾರಿತ್ತು. ಮಗುವಿನ ಬೆರಳು ಸಮೇತ ಒಂದು ಅಂಗೈ ಅದರ ಮೈಯ ಸುಮಾರು ಶೇ. 1 ಎಂದು ಹಿಡಿದು ಅಳೆದರೆ ಎಕ್ಸಿಮಾ ಆವರಿಸಿದ್ದು ಶೇ. 18. ಎಡಗೆನ್ನೆಯ ಮೇಲೆ ಜೇನಿನ ಬಣ್ಣದ ಹಕ್ಕಳೆ ಇತ್ತು. ಅದು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಗುರುತು.

ಇದು ಎಕ್ಸಿಮಾವೇ ಎಂದು ಹೇಳಲು ಎರಡು ಜಾಗ ನೋಡಿದರೆ ಅರ್ಧ ಕೆಲಸ ಮುಗಿಯಿತು. ಮೂಗಿನ ತುದಿ ಮತ್ತು ಲಂಗೋಟಿಯ ಜಾಗ ಎರಡೂ ಶುಭ್ರವಾಗಿದ್ದವು. ತೊಡೆಸಂದಿ ಕೆಂಪಾಗಿ, ನೆತ್ತಿಯಲ್ಲಿ ಎಣ್ಣೆಯಂಥ ಹೊಟ್ಟಿದ್ದು, ಕೂಸು ಹಾಯಾಗಿ ನಿದ್ದೆ ಮಾಡುತ್ತಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್. ಅಂಗಾಲು, ಅಂಗೈಯಲ್ಲಿ ನೀರುಗುಳ್ಳೆಗಳಿದ್ದು ಮನೆಯವರೂ ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ನಮ್ಮ ಕಡೆ ಎಕ್ಸಿಮಾ ಎಂದು ತಪ್ಪಾಗಿ ಔಷಧ ಪಡೆಯುವ ಕಾಯಿಲೆಗಳಲ್ಲಿ ಇದೂ ಒಂದು. ಬಾಯಿಯ ಸುತ್ತ ಮತ್ತು ಗುದದ ಸುತ್ತ ಮಾತ್ರ ಸುಲಿದಂತಿದ್ದರೆ ಸತುವಿನ ಕೊರತೆಯನ್ನು ಯೋಚಿಸಬೇಕು. ಈ ಕೂಸಿಗೆ ಇವು ಯಾವುವೂ ಹೊಂದಲಿಲ್ಲ.

ಆ ಹದಿನೈದು ವಾರಗಳಲ್ಲಿ ನಡೆದದ್ದು

ದಿನಕ್ಕೊಮ್ಮೆ ಎರೆಯುತ್ತಿದ್ದರು. ಹಂಡೆಯಲ್ಲಿ ಕಾಯಿಸಿದ ನೀರು, ಬೋರಿನದು, ಗಡಸು. ಮೊದಲು ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ಇಪ್ಪತ್ತು-ಇಪ್ಪತ್ತೈದು ನಿಮಿಷ. ಎಣ್ಣೆ ಹೋಗಲೆಂದು ಕಡಲೆಹಿಟ್ಟು, ಅದರ ಮೇಲೆ ಸಾಬೂನು. ಆಮೇಲೆ ಸಾಂಬ್ರಾಣಿ ಹೊಗೆ, ಉಣ್ಣೆಯ ಕುಲಾವಿ, ಎರಡು ಪದರ ದುಪ್ಪಟಿ. "ನೀರು ಸುಡುಸುಡು ಇರದಿದ್ರ ಕೂಸಿನ ಮೈ ಗಟ್ಟಿ ಆಗೂದಿಲ್ರೀ ಡಾಕ್ಟ್ರ" ಎಂದು ಅಜ್ಜಿ ಹೇಳಿದ್ದು ಹಟದಿಂದಲ್ಲ. ನಾಲ್ಕು ಮೊಮ್ಮಕ್ಕಳನ್ನು ಹೀಗೇ ಎರೆದು ಬೆಳೆಸಿದವರು ಅವರು. ಅವರಲ್ಲಿ ಮೂವರಿಗೆ ಏನೂ ಆಗಿರಲಿಲ್ಲ. ಚರ್ಮದ ಗೋಡೆ ಗಟ್ಟಿಯಿರುವ ಮಗು ಈ ಸ್ನಾನವನ್ನು ತಾಳಿಕೊಳ್ಳುತ್ತದೆ, ಗೋಡೆ ಹುಟ್ಟಿನಿಂದಲೇ ಸಡಿಲವಿರುವ ಮಗು ತಾಳಿಕೊಳ್ಳುವುದಿಲ್ಲ.

ಹನ್ನೊಂದನೇ ವಾರ ಔಷಧ ಅಂಗಡಿಯಿಂದ ಒಂದು ಟ್ಯೂಬ್ ಬಂತು. ಅದರಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರೂ ಕಲಸಿದ್ದವು. ಹಚ್ಚಿದರೆ ಮೂರು ದಿನಕ್ಕೆ ಮಾಯ, ಬಿಟ್ಟರೆ ಐದನೇ ದಿನಕ್ಕೆ ಮೊದಲಿಗಿಂತ ಕೆಂಪು. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಅಂಗಡಿ ಕಟ್ಟೆಯ ಮೇಲೆ ಅದು ಎಷ್ಟು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಹದಿನೈದನೇ ವಾರದಿಂದ ತಾಯಿಗೆ ಪಥ್ಯ ಬಿಗಿಯಾಯಿತು: ಹಾಲು, ಮೊಸರು, ಮೊಟ್ಟೆ, ಶೇಂಗಾ, ಬದನೆಕಾಯಿ, ಹುಳಿ ಎಲ್ಲ ಬಂದ್. ಅನ್ನ, ತೊವ್ವೆ, ರೊಟ್ಟಿಯಲ್ಲೇ ದಿನ ತೆಗೆದ ತಾಯಿ ಏಳು ವಾರದಲ್ಲಿ ನಾಲ್ಕು ಕಿಲೋ ಇಳಿದಳು. ಕೂಸಿನ ಚರ್ಮ ಒಂದು ಎಳೆಯಷ್ಟೂ ಬದಲಾಗಲಿಲ್ಲ.

ಇಪ್ಪತ್ತನೇ ವಾರ ಒಂದು ಪ್ರಯೋಗಾಲಯದಲ್ಲಿ ನಲವತ್ತು ಆಹಾರಗಳ ಐಜಿಇ (ಅಲರ್ಜಿಗೆ ಸಂಬಂಧಿಸಿದ, ರಕ್ತದಲ್ಲಿರುವ ಪ್ರತಿಕಾಯ) ಪಟ್ಟಿಯನ್ನೇ ಮಾಡಿಸಿದರು. ವರದಿಯಲ್ಲಿ ಕೆಂಪು ಅಕ್ಷರದಲ್ಲಿದ್ದವು: ಮೊಟ್ಟೆಯ ಬಿಳಿ 3.2, ಹಾಲು 0.8, ಶೇಂಗಾ 0.6, ಗೋಧಿ 0.5 (ಲೀಟರಿಗೆ ಕಿಲೋಯುನಿಟ್ ಲೆಕ್ಕ; 0.35 ದಾಟಿದರೆ ಪಾಸಿಟಿವ್). "ಈ ನಾಲ್ಕನ್ನೂ ಎರಡು ವರ್ಷ ಕೊಡಬೇಡಿ" ಎಂಬ ಸಲಹೆಯೂ ಜೊತೆಗೆ ಬಂತು. ಈ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಬಹುದಾಗಿದ್ದದ್ದು ಬಿಸಿನೀರಲ್ಲ, ಟ್ಯೂಬೂ ಅಲ್ಲ, ಈ ಒಂದು ಸಾಲಿನ ಸಲಹೆ.

ಅಪಾಯಕಾರಿ ಅಂಶಗಳನ್ನು ಬೇರೆಬೇರೆ ಮಾಡಿದಾಗ

ಬದಲಿಸಲಾಗದವು ಕೆಲವು. ತಂದೆಗೆ ಚಿಕ್ಕಂದಿನಲ್ಲಿ ಉಬ್ಬಸ, ತಾಯಿಗೆ ಬೆಳಗೆದ್ದರೆ ಸಾಲು ಸೀನು, ನಾಲ್ಕು ವರ್ಷದ ಅಣ್ಣನಿಗೆ ಕೂಸಾಗಿದ್ದಾಗ ಇದೇ ಕೆನ್ನೆ. ಆ ನಾಲ್ಕನೇ ಮೊಮ್ಮಗ ಅವನೇ. ತಂದೆತಾಯಿ ಇಬ್ಬರಿಗೂ ಅಲರ್ಜಿಯ ಒಲವಿದ್ದು ಒಡಹುಟ್ಟಿದವರಿಗೂ ಇದ್ದರೆ ಮನೆತನದ ಅಪಾಯ ದೊಡ್ಡದೇ. ಚರ್ಮದ ಹೊರಪದರವನ್ನು ಹೆಣೆಯುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಎಕ್ಸಿಮಾ ಬರುವ ಸಾಧ್ಯತೆ ಹೆಚ್ಚುತ್ತದೆ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ತಂಡ ತೋರಿಸಿತು. ಈ ಕೂಸಿಗೆ ಆ ಜೀನಿನ ಪರೀಕ್ಷೆ ಮಾಡಿಸಲಿಲ್ಲ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಅದೇ. ಮಳೆಗಾಲ ಮುಗಿದು ಚಳಿ ಶುರುವಾಗುವ ಮುನ್ನ ಹುಟ್ಟಿದ್ದು ಇನ್ನೊಂದು. ಮೊದಲ ಮೂರು ತಿಂಗಳೇ ಒಣಗಾಳಿಗೆ ಸಿಕ್ಕವು.

ಸಿಸೇರಿಯನ್ ಆದದ್ದರಿಂದ ಹೀಗಾಯಿತೇ ಎಂದು ತಾಯಿ ಮೂರು ಸಲ ಕೇಳಿದಳು. ಆ ನಂಟು ತೀರ ಸಣ್ಣದು, ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ಬಸುರಿಯಾಗಿದ್ದಾಗ ಶೇಂಗಾ ತಿಂದದ್ದು ಕಾರಣವಲ್ಲ. ಮೊಲೆಹಾಲು ಕಡಿಮೆಯಾಗಿ ಬಂದದ್ದೂ ಅಲ್ಲ. ಬರೀ ಮೊಲೆಹಾಲು ಕುಡಿದ ಮಕ್ಕಳಿಗೂ ಎಕ್ಸಿಮಾ ಧಾರಾಳವಾಗಿ ಬರುತ್ತದೆ, ಆದರೂ ಮೊಲೆಹಾಲು ನಿಲ್ಲಿಸಲು ಅದು ಕಾರಣವಲ್ಲ. ಬದನೆಕಾಯಿ, ದೇಹದ ಉಷ್ಣ, ಹಲ್ಲು ಹುಟ್ಟುವುದು ಇವುಗಳ ಮೇಲಿನ ಆಪಾದನೆಯನ್ನೂ ಅಲ್ಲಿಗೇ ಬಿಡಬಹುದು.

ಇನ್ನು ತೂಕವಿರುವ ಅಂಶಕ್ಕೆ ಬರೋಣ. ಎಕ್ಸಿಮಾ ಎಷ್ಟು ಬೇಗ ಬಂತು, ಎಷ್ಟು ಜೋರಾಗಿದೆ ಎಂಬುದೇ ಮುಂದೆ ಆಹಾರದ ಅಲರ್ಜಿ ಬರುತ್ತದೆಯೇ ಎನ್ನುವುದಕ್ಕೆ ಎಲ್ಲಕ್ಕಿಂತ ದೊಡ್ಡ ಸುಳಿವು. ಮೆಲ್ಬರ್ನ್‌ನ ಹೆಲ್ತ್‌ನಟ್ಸ್ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಒಂದು ವರ್ಷದ ಹೊತ್ತಿಗೆ ಪರೀಕ್ಷಿಸಿದರು. ಎಕ್ಸಿಮಾ ಇದ್ದವರಿಗೆ ಶೇಂಗಾ ಅಲರ್ಜಿಯ ಸಾಧ್ಯತೆ ಇಲ್ಲದವರಿಗಿಂತ 11 ಪಟ್ಟು, ಮೊಟ್ಟೆಯದು ಸುಮಾರು 6 ಪಟ್ಟು ಇತ್ತು. ಮೂರು ತಿಂಗಳೊಳಗೇ ಎಕ್ಸಿಮಾ ಶುರುವಾಗಿ ವೈದ್ಯರು ಬರೆದ ಸ್ಟೀರಾಯ್ಡ್ ಬೇಕಾದ ಮಕ್ಕಳಲ್ಲಿ ಇಬ್ಬರಲ್ಲಿ ಒಬ್ಬರಿಗೆ ಯಾವುದಾದರೂ ಆಹಾರದ ಅಲರ್ಜಿ. ನಮ್ಮ ಕೂಸು ಆ ಗುಂಪಿನದೇ. ಅದೇ ಅಧ್ಯಯನದಲ್ಲಿ ಏಷ್ಯಾದಲ್ಲಿ ಹುಟ್ಟಿದ ತಂದೆತಾಯಿಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಕ್ಕಳಿಗೆ ಶೇಂಗಾ ಅಲರ್ಜಿ ಹೆಚ್ಚು ಕಂಡಿತು. ಅಲ್ಲಿ ನೆಲೆಸಿದ ಕನ್ನಡದ ಮನೆಗಳು "ನಮ್ಮೂರಾಗ ಇದೆಲ್ಲ ಇಲ್ಲ" ಎಂದು ಕೂರುವಂತಿಲ್ಲ.

ಹೊಟ್ಟೆಗೆ ಹೋದ ಆಹಾರ ಚರ್ಮವನ್ನು ಕೆಡಿಸುತ್ತದೆ ಎಂಬುದು ಹಳೆಯ ತಿಳಿವಳಿಕೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಚಿತ್ರ ತಿರುವುಮುರುವಾಗಿದೆ: ಒಡೆದ ಚರ್ಮದ ಮೂಲಕ ಒಳಹೊಕ್ಕ ಆಹಾರದ ಕಣ ದೇಹಕ್ಕೆ ವೈರಿಯಂತೆ ಪರಿಚಯವಾಗುತ್ತದೆ, ಬಾಯಿಯ ಮೂಲಕ ಹೋದದ್ದು ನೆಂಟನಂತೆ. 2003ರಲ್ಲಿ ಬ್ರಿಸ್ಟಲ್ ಸೀಮೆಯ ಮಕ್ಕಳ ಅಧ್ಯಯನದಲ್ಲಿ, ಶೇಂಗಾ ಅಲರ್ಜಿಯಾದವರಿಗೆ ಕೂಸಾಗಿದ್ದಾಗ ಶೇಂಗಾ ಎಣ್ಣೆಯಿರುವ ಕ್ರೀಮು ಹಚ್ಚಿದ್ದು ಹೆಚ್ಚಾಗಿ ಕಂಡಿತು. ದೊಡ್ಡವರಲ್ಲೂ ಇದು ನಡೆದಿದೆ. ಜಪಾನಿನಲ್ಲಿ ಗೋಧಿ ಪ್ರೋಟೀನನ್ನು ಒಡೆದು ಬೆರೆಸಿದ್ದ ಒಂದು ಮುಖದ ಸಾಬೂನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ, ಅದುವರೆಗೆ ಆರಾಮಾಗಿ ತಿನ್ನುತ್ತಿದ್ದ ಗೋಧಿಯೇ ಒಗ್ಗದಾಯಿತು.

ಇದನ್ನು ಈ ಮನೆಗೆ ಹೊಂದಿಸಿ ನೋಡಿ. ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟುವ ಮನೆ, ಒಗ್ಗರಣೆಗೆ ಶೇಂಗಾ ಎಣ್ಣೆ. ಹಿಂಡಿ ಕಲಸಿದ ಕೈಯನ್ನು ನೀರಿಗೆ ಅದ್ದಿ ಸೆರಗಿಗೆ ಒರೆಸಿ ಕೂಸನ್ನು ಎತ್ತಿಕೊಳ್ಳುವುದು ದಿನದ ಸಂಗತಿ. ಮನೆಯ ದೂಳಿನಲ್ಲಿ ಶೇಂಗಾ ಪ್ರೋಟೀನು ಹೆಚ್ಚಿದ್ದಷ್ಟೂ, ಎಕ್ಸಿಮಾ ಇರುವ ಮಕ್ಕಳಿಗೆ ಶೇಂಗಾ ಅಲರ್ಜಿಯ ಸಾಧ್ಯತೆ ಹೆಚ್ಚು ಎಂದು ಗೊತ್ತಾಗಿದೆ. ಕೂಸಿನ ಬಾಯಿಗೆ ಮಾತ್ರ ಶೇಂಗಾ ಒಂದು ಚೂರೂ ಹೋಗಿರಲಿಲ್ಲ. ಚರ್ಮಕ್ಕೆ ದಿನವೂ, ಬಾಯಿಗೆ ಎಂದೂ ಇಲ್ಲ: ಅಲರ್ಜಿ ಹುಟ್ಟಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಕಡಲೆಹಿಟ್ಟಿನ ಉಜ್ಜುವಿಕೆಯನ್ನೂ ಇದೇ ಸಾಲಿಗೆ ಇಡಬೇಕು. ಕಡಲೆ ನಮ್ಮ ದೇಶದಲ್ಲಿ ಗಣನೀಯ ಅಲರ್ಜಿಕಾರಕ ಎಂದು ಮುಂಬಯಿಯ ಸಂಶೋಧಕರು 2001ರಲ್ಲೇ ವರದಿ ಮಾಡಿದ್ದಾರೆ. ತರಿತರಿಯಾದ ಹಿಟ್ಟು ಚರ್ಮವನ್ನು ಗೀರುತ್ತದೆ, ಗೀರಿದ ಜಾಗದಲ್ಲೇ ತನ್ನ ಪ್ರೋಟೀನನ್ನು ಬಿಟ್ಟು ಹೋಗುತ್ತದೆ.

ಗಡಸು ನೀರಿನ ಮಾತು ಒಂದಿದೆ. ಇಂಗ್ಲೆಂಡಿನ 1,303 ಕೂಸುಗಳ ಅಧ್ಯಯನವೊಂದರಲ್ಲಿ ಗಡಸು ನೀರಿನ ಊರಿನವರಿಗೆ ಮೂರು ತಿಂಗಳ ಹೊತ್ತಿಗೆ ಎಕ್ಸಿಮಾ ಹೆಚ್ಚಿತ್ತು. ಹಾಗೆಂದು ನೀರು ಮೆದುಗೊಳಿಸುವ ಯಂತ್ರ ತರಬೇಕಿಲ್ಲ. ಆಗಲೇ ಎಕ್ಸಿಮಾ ಇರುವ 336 ಮಕ್ಕಳ ಮನೆಯಲ್ಲಿ ಅದನ್ನು ಪರೀಕ್ಷಿಸಿದಾಗ ಚರ್ಮಕ್ಕೆ ಹೆಚ್ಚುವರಿ ಲಾಭ ಕಾಣಲಿಲ್ಲ, 2011ರಲ್ಲಿ ಅದು ಪ್ರಕಟವಾಗಿದೆ. ಗಡಸು ನೀರಿನಲ್ಲಿ ಸಾಬೂನಿನ ಜಿಡ್ಡು ಚರ್ಮದ ಮೇಲೇ ಕೂರುತ್ತದೆ; ಸಾಬೂನು ಬಿಟ್ಟರೆ ಪೆಟ್ಟು ಬಹಳಷ್ಟು ತಗ್ಗುತ್ತದೆ, ಖರ್ಚೂ ಇಲ್ಲ.

ರಕ್ತದ ವರದಿಯನ್ನು ಓದಿದ ಬಗೆ

ಐಜಿಇ ಪಾಸಿಟಿವ್ ಎಂದರೆ ದೇಹ ಆ ಆಹಾರವನ್ನು ಗುರುತು ಹಿಡಿದಿದೆ ಎಂದಷ್ಟೇ. ತಿಂದರೆ ಪ್ರತಿಕ್ರಿಯೆ ಬಂದರೆ ಮಾತ್ರ ಅಲರ್ಜಿ. ಜೋರು ಎಕ್ಸಿಮಾದ ಕೂಸಿಗೆ ನಲವತ್ತು ಆಹಾರ ಪರೀಕ್ಷಿಸಿದರೆ ನಾಲ್ಕೈದು ಕೆಂಪಕ್ಷರ ಬಂದೇ ಬರುತ್ತವೆ. ಅದಕ್ಕೇ ಪಟ್ಟಿಪರೀಕ್ಷೆ ಬೇಡ, ಪ್ರಶ್ನೆಯಿರುವ ಆಹಾರವನ್ನು ಮಾತ್ರ ಪರೀಕ್ಷಿಸಬೇಕು ಎನ್ನುವುದು.

ಹಾಲಿನ ಅಂಕಿ 0.8. ಆದರೆ ಹುಟ್ಟಿದ ಎರಡು-ಮೂರನೇ ದಿನ ಆಸ್ಪತ್ರೆಯಲ್ಲಿ ಮೂರು ಸಲ ಪುಡಿಹಾಲು ಕೊಟ್ಟಿದ್ದರು. ಮೂರನೇ ತಿಂಗಳಿಂದ ಅಜ್ಜಿ ಆಗಾಗ ನಾಲ್ಕು ಚಮಚ ಆಕಳ ಹಾಲು ಕುಡಿಸಿದ್ದಾರೆ ಎಂಬುದು, ಮಗಳ ಎದುರು ಹೇಳಲು ಹಿಂಜರಿದರೂ, ನಿಧಾನ ಕೇಳಿದಾಗ ಹೊರಬಂತು. ಆರು ತಿಂಗಳೊಳಗೆ ಹಾಗೆ ಕುಡಿಸಬಾರದಿತ್ತು. ಆದರೂ ಆ ಮಾಹಿತಿ ರಕ್ತದ ವರದಿಗಿಂತ ಹೆಚ್ಚು ಬೆಲೆಯದು: ಕುಡಿದಿದೆ, ಏನೂ ಆಗಿಲ್ಲ, ಆದ್ದರಿಂದ ಹಾಲಿನ ಅಲರ್ಜಿ ಇಲ್ಲ. ಇನ್ನು "ಎರಡು ವರ್ಷ ಬಿಡಿ" ಎಂಬ ಸಲಹೆ ಪಾಲಿಸಿದರೆ? ಎಕ್ಸಿಮಾ ಇರುವ ಮಗು ತಾಳಿಕೊಳ್ಳುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ, ಮೊದಲಿರದ ತೀವ್ರ ಪ್ರತಿಕ್ರಿಯೆ ಬಂದ ಉದಾಹರಣೆಗಳಿವೆ. ತಾಯಿಯ ಪಥ್ಯ ಅದೇ ದಿನ ಮುರಿಯಿತು. ಹಾಲು, ಮೊಸರು, ಶೇಂಗಾ, ಎಲ್ಲ ತಿನ್ನಲು ಹೇಳಿದ್ದಾಯಿತು. ಆರು ತಿಂಗಳು ತುಂಬಿದೊಡನೆ ಕೂಸಿನ ಅನ್ನಕ್ಕೆ ಮೊಸರು.

ಗೋಧಿ 0.5ಕ್ಕೆ ಬೆಲೆ ಕೊಡಬೇಕಿಲ್ಲ. ಶೇಂಗಾ 0.6ಕ್ಕೆ ಚರ್ಮದ ಚುಚ್ಚು ಪರೀಕ್ಷೆ (ಆಹಾರದ ಸಾರದ ಹನಿಯಿಟ್ಟು ಚರ್ಮವನ್ನು ಹಗುರಾಗಿ ಚುಚ್ಚಿ, ಏಳುವ ಉಬ್ಬನ್ನು ಅಳೆಯುವುದು) ಬೇಕಿತ್ತು. ಮೊಟ್ಟೆಯ 3.2 ಮಾತ್ರ ಬೇರೆ ಜಾತಿಯದು. ಎರಡು ವರ್ಷದೊಳಗಿನ ಮಗುವಿಗೆ ಮೊಟ್ಟೆಯ ಬಿಳಿಯ ಐಜಿಇ 2 ದಾಟಿದರೆ ನಿಜವಾದ ಅಲರ್ಜಿಯ ಸಾಧ್ಯತೆ ಬಲವಾಗಿರುತ್ತದೆ. ತವರಿನಲ್ಲಿ ಮೊಟ್ಟೆ ತಿನ್ನುವುದಿಲ್ಲ, ತಂದೆಯ ಮನೆಯಲ್ಲಿ ಉಂಟು. ಹಾಗಾಗಿ ಇದನ್ನು ಇತ್ಯರ್ಥ ಮಾಡದೆ ಬಿಡುವಂತಿರಲಿಲ್ಲ.

ಚರ್ಮಕ್ಕೆ ಮಾಡಿದ್ದು

ಆಹಾರದ ಕೆಲಸಕ್ಕೆ ಕೈ ಹಾಕುವ ಮೊದಲು ಚರ್ಮ ಮುಚ್ಚಬೇಕು. ಸೋಂಕಿಗೆ ಸೆಫಲೆಕ್ಸಿನ್ ಎಂಬ ಆ್ಯಂಟಿಬಯೋಟಿಕ್ 125 ಮಿ.ಗ್ರಾಂ, ದಿನಕ್ಕೆರಡು ಸಲ, ಏಳು ದಿನ.

ಸ್ನಾನ ನಿಲ್ಲಿಸಲಿಲ್ಲ. ಬೆಚ್ಚಗಿನ ನೀರು, ಮೊಣಕೈ ಅದ್ದಿದರೆ ಬಿಸಿಯೂ ತಂಪೂ ಅನಿಸಬಾರದು. ಏಳೆಂಟು ನಿಮಿಷ, ಗಡಿಯಾರ ನೋಡಿ. ಕಡಲೆಹಿಟ್ಟು, ಹೆಸರುಹಿಟ್ಟು, ಸಾಂಬ್ರಾಣಿ ಬಂದ್. ಸಾಬೂನಿನ ಬದಲು ಸಾಬೂನಲ್ಲದ ಮೆದು ಕ್ಲೆನ್ಸರ್, ಅದೂ ಕತ್ತು, ಕಂಕುಳು, ತೊಡೆಸಂದಿಗೆ ಮಾತ್ರ. ಒರೆಸುವಾಗ ತಿಕ್ಕದೆ ಒತ್ತಿ ನೀರು ತೆಗೆದು, ಮೈ ಇನ್ನೂ ಪಸೆಯಿರುವಾಗಲೇ, ಮೂರು ನಿಮಿಷದೊಳಗೆ ಮಾಯಿಶ್ಚರೈಸರ್. ವಾಸನೆಯಿಲ್ಲದ ದಪ್ಪ ಕ್ರೀಮು ಹಗಲಿಗೆ, ಬರೀ ಪೆಟ್ರೋಲಿಯಂ ಜೆಲ್ಲಿ ರಾತ್ರಿಗೆ, ಒಟ್ಟು ವಾರಕ್ಕೆ 150 ಗ್ರಾಂ. ಇಷ್ಟು ಹೇಳಿದಾಗ ಮನೆಯವರು ಬೆಚ್ಚುತ್ತಾರೆ. ಅವರು ತಂದಿದ್ದ 50 ಗ್ರಾಂ ಡಬ್ಬಿ ಒಂದೂವರೆ ತಿಂಗಳಾದರೂ ಮುಗಿದಿರಲಿಲ್ಲ, ಕ್ರೀಮು "ತಾಕದೆ" ಹೋದದ್ದಕ್ಕೆ ಅದೊಂದೇ ಕಾರಣ ಸಾಕು.

ಹಚ್ಚುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು ಇಲ್ಲಿ ಶಿಷ್ಟಾಚಾರವಲ್ಲ, ಚಿಕಿತ್ಸೆಯ ಭಾಗ. ಮೇಲೆ ಹೇಳಿದ ಇಂಗ್ಲೆಂಡಿನ ಮಕ್ಕಳಲ್ಲೇ, ಹೆಚ್ಚು ಸಲ ಎಣ್ಣೆ-ಕ್ರೀಮು ಹಚ್ಚಿಸಿಕೊಂಡವರಿಗೆ ಆಹಾರದ ಅಲರ್ಜಿ ಹೆಚ್ಚು ಕಂಡಿತು. ಅಡುಗೆಯ ಕೈಯಿಂದ ಆಹಾರದ ಕಣ ಕ್ರೀಮಿನ ಜೊತೆ ಚರ್ಮಕ್ಕೆ ಹೋಗುತ್ತಿರಬಹುದು ಎಂಬುದು ಒಂದು ವಿವರಣೆ. ಡಬ್ಬಿಯಿಂದ ತೆಗೆಯಲು ಬೇರೆ ಚಮಚ, ಬೆರಳಲ್ಲ.

ಎಣ್ಣೆ ತಿಕ್ಕುವುದನ್ನು ಪೂರ್ತಿ ಬಿಡಿಸಿದರೆ ಅಜ್ಜಿಯ ಸಹಕಾರವೂ ಹೋಗುತ್ತದೆ. ಸ್ನಾನದ ನಂತರ ಕೊಬ್ಬರಿ ಎಣ್ಣೆ, ಉಜ್ಜದೆ ಸವರುವುದು ಎಂದು ಒಪ್ಪಂದವಾಯಿತು. ಇದು ಬರೀ ರಾಜಿಯಲ್ಲ. ಫಿಲಿಪೈನ್ಸಿನಲ್ಲಿ ಎಕ್ಸಿಮಾ ಇರುವ 117 ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿದಾಗ ಹಸಿ ಕಾಯಿಯಿಂದ ತೆಗೆದ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆಲಿವ್ ಎಣ್ಣೆ ಬೇಡ, ಅದು ಚರ್ಮದ ಕೊಬ್ಬಿನ ಪದರವನ್ನು ಸಡಿಲಿಸುತ್ತದೆ. ಶೇಂಗಾ ಎಣ್ಣೆಯಂತೂ ಬೇಡವೇ ಬೇಡ.

ಸ್ಟೀರಾಯ್ಡ್‌ನ ಲೆಕ್ಕ ಇಲ್ಲಿದೆ, ಎಡವುವುದು ಬಹುಮಟ್ಟಿಗೆ ಇಲ್ಲೇ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಒಂದು ಬೆರಳಳತೆ, ಸುಮಾರು ಅರ್ಧ ಗ್ರಾಂ. ಮೂರರಿಂದ ಆರು ತಿಂಗಳ ಕೂಸಿಗೆ ಮುಖ-ಕತ್ತು ಪೂರ್ತಿ ಸವರಲು 1 ಅಳತೆ, ಒಂದು ತೋಳಿಗೆ 1, ಒಂದು ಕಾಲಿಗೆ 1.5, ಎದೆ-ಹೊಟ್ಟೆಗೆ 1, ಬೆನ್ನಿಗೆ ಕುಂಡೆ ಸೇರಿ 1.5. ಈ ಕೂಸಿಗೆ ತೋಳು-ಕಾಲಿನ ಅರ್ಧದಷ್ಟು ಭಾಗ ಹಿಡಿದಿತ್ತು. ಅಂದರೆ ಐದರ ಅರ್ಧ ಎರಡೂವರೆ, ಹೊಟ್ಟೆಗೆ ಇನ್ನರ್ಧ, ಒಟ್ಟು 3 ಅಳತೆ, ದಿನಕ್ಕೆ 1.5 ಗ್ರಾಂ. ಮೈಗೆ ಫ್ಲುಟಿಕಾಸೋನ್ ಶೇ. 0.05 ಕ್ರೀಮು ದಿನಕ್ಕೊಮ್ಮೆ, ಮುಖಕ್ಕೆ ಹೈಡ್ರೋಕಾರ್ಟಿಸೋನ್ ಶೇ. 1. ಕೆಂಪು ಮಾಸಿದರೆ ಸಾಲದು, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಪಕ್ಕದ ಚರ್ಮದಷ್ಟೇ ನುಣುಪು ಅನಿಸುವವರೆಗೆ ಹಚ್ಚಬೇಕು. ಇದಕ್ಕೆ ಮುಖದಲ್ಲಿ ಐದು ದಿನ, ಕಾಲಿನಲ್ಲಿ ಹನ್ನೊಂದು ದಿನ ಹಿಡಿಯಿತು. ಆಮೇಲೆ ನಿಲ್ಲಿಸದೆ, ಪದೇಪದೇ ಏಳುತ್ತಿದ್ದ ಜಾಗಗಳಿಗೆ ಸೋಮವಾರ ಮತ್ತು ಗುರುವಾರ ಮಾತ್ರ, ಮೂರು ತಿಂಗಳು. ಅಂಗಡಿಯ ಟ್ಯೂಬು ಸೋತದ್ದು ಇದಿಲ್ಲದೆಯೇ: ಬಲ ಹೆಚ್ಚು, ಅವಧಿ ಕಡಿಮೆ, ನಡುವೆ ಬರಿದು.

ಚರ್ಮವನ್ನು ಬೇಗ ಮುಚ್ಚಿದರೆ ಅಲರ್ಜಿ ಕಡಿಮೆಯಾಗುತ್ತದೆಯೇ ಎಂಬುದನ್ನು ಜಪಾನಿನಲ್ಲಿ ನೇರವಾಗಿ ಪರೀಕ್ಷಿಸಿದ್ದಾರೆ. 7ರಿಂದ 13 ವಾರದ, ಎಕ್ಸಿಮಾ ಇರುವ 650 ಕೂಸುಗಳಲ್ಲಿ ಅರ್ಧಕ್ಕೆ ಬಿಗಿಯಾದ ಸ್ಟೀರಾಯ್ಡ್ ಚಿಕಿತ್ಸೆ, ಅರ್ಧಕ್ಕೆ ರೂಢಿಯ ಚಿಕಿತ್ಸೆ. 28ನೇ ವಾರಕ್ಕೆ ಮೊಟ್ಟೆಯ ಅಲರ್ಜಿ ಮೊದಲ ಗುಂಪಿನಲ್ಲಿ ಶೇ. 31.4, ಎರಡನೆಯದರಲ್ಲಿ ಶೇ. 41.9. 2023ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಬಿಗಿ ಚಿಕಿತ್ಸೆಯ ಮಕ್ಕಳ ತೂಕ ಸರಾಸರಿ 422 ಗ್ರಾಂ ಕಡಿಮೆ ಏರಿತು ಎಂಬುದನ್ನು ಮುಚ್ಚಿಡಬಾರದು. ಮೈಗೆಲ್ಲ ಬಳಿಯದೆ ಹಿಡಿದ ಜಾಗಕ್ಕಷ್ಟೇ ಹಚ್ಚುವುದು, ತಿಂಗಳಿಗೊಮ್ಮೆ ತೂಗುವುದು ಆ ಕಾರಣಕ್ಕೆ.

ಹಾಗಾದರೆ ಹುಟ್ಟಿದ ಪ್ರತಿ ಕೂಸಿಗೂ ಮೊದಲ ದಿನದಿಂದ ಮಾಯಿಶ್ಚರೈಸರ್ ಬಳಿದರೆ? ಇಂಗ್ಲೆಂಡಿನಲ್ಲಿ ಅಲರ್ಜಿಯ ಮನೆತನದ 1,394 ಮಕ್ಕಳಿಗೆ ಮಾಡಿ ನೋಡಿದರು. ಎರಡು ವರ್ಷಕ್ಕೆ ಎಕ್ಸಿಮಾ ಹಚ್ಚಿದವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25. ಚರ್ಮದ ಸೋಂಕು ಮಾತ್ರ ಹಚ್ಚಿದವರಲ್ಲೇ ಜಾಸ್ತಿ.

ಶೇಂಗಾ ಮತ್ತು ಮೊಟ್ಟೆ

24ನೇ ವಾರ ಚುಚ್ಚು ಪರೀಕ್ಷೆ. ಶೇಂಗಾ ಉಬ್ಬು 2 ಮಿ.ಮೀ., ಮೊಟ್ಟೆ 5, ಹಾಲು ಸೊನ್ನೆ. ಅಮೆರಿಕದ 2017ರ ಮಾರ್ಗಸೂಚಿಯಂತೆ ಶೇಂಗಾ ಉಬ್ಬು 0–2 ಇದ್ದರೆ ಮನೆಯಲ್ಲೇ ಶುರು ಮಾಡಬಹುದು, 3–7 ಇದ್ದರೆ ವೈದ್ಯರ ಕಣ್ಣೆದುರು, 8 ಅಥವಾ ಹೆಚ್ಚಿದ್ದರೆ ಅಲರ್ಜಿ ತಜ್ಞರಿಗೆ ಬಿಡಬೇಕು. ತಾಯಿಗೆ ಹೆದರಿಕೆಯಿದ್ದುದರಿಂದ ಮೊದಲ ತುತ್ತು ಒಪಿಡಿಯಲ್ಲೇ ಆಯಿತು.

ಈ ಧೈರ್ಯ ಬಂದದ್ದು ಒಂದು ದೊಡ್ಡ ತಪ್ಪಿನಿಂದ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ ಎಂದಿತ್ತು, 2008ರಲ್ಲಿ ಆ ಮಾತನ್ನು ಹಿಂದೆ ತೆಗೆದುಕೊಂಡಿತು. ಅದೇ ವರ್ಷ ಬಂದ ಹೋಲಿಕೆಯೊಂದು ಲಂಡನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನವರಿಗಿಂತ ಹತ್ತು ಪಟ್ಟು ಹೆಚ್ಚಿದೆ ಎಂದು ತೋರಿಸಿತು. ಇಸ್ರೇಲಿನ ಕೂಸುಗಳು ಹಲ್ಲು ಬರುವ ಮೊದಲೇ ಶೇಂಗಾ ತಿನಿಸು ತಿನ್ನುತ್ತವೆ. 2015ರ ಲೀಪ್ ಪ್ರಯೋಗದಲ್ಲಿ ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಿದ್ದವು. ಚುಚ್ಚು ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ ಶೇಂಗಾ ಬಿಟ್ಟವರಿಗೆ ಐದು ವರ್ಷದಲ್ಲಿ ಅಲರ್ಜಿ ಶೇ. 13.7, ತಿಂದವರಿಗೆ ಶೇ. 1.9.

ಪ್ರಮಾಣ: ಒಂದು ಸಲಕ್ಕೆ 2 ಗ್ರಾಂ ಪ್ರೋಟೀನು, ವಾರಕ್ಕೆ ಮೂರು ಸಲ. ಶೇಂಗಾದಲ್ಲಿ ಕಾಲುಭಾಗ ಪ್ರೋಟೀನು, ಹಾಗಾಗಿ 8 ಗ್ರಾಂ ಕಾಳು. ಬೂಸಲು ಹಿಡಿದ, ಮುರುಟಿದ ಕಾಳು ಆರಿಸಿ ಬಿಸಾಡಿ, ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ನುಣ್ಣಗೆ ರುಬ್ಬಿ, ಎರಡು ಸಣ್ಣ ಚಮಚವನ್ನು ಬೆಚ್ಚಗಿನ ನೀರಿನಲ್ಲಿ ತೆಳ್ಳಗೆ ಕಲಸಬೇಕು. ದಪ್ಪಗಿದ್ದರೆ ಗಂಟಲಿಗೆ ಅಂಟುತ್ತದೆ. ಇಡೀ ಕಾಳು, ಚಿಕ್ಕಿ, ಉಂಡೆ ಐದು ವರ್ಷದೊಳಗೆ ಉಸಿರು ಕಟ್ಟಿಸಬಲ್ಲವು. ಹಿಂಡಿಯಲ್ಲಿ ಖಾರ-ಉಪ್ಪು ಇರುತ್ತದೆ, ಅದು ಬೇಡ. 26ನೇ ವಾರದಲ್ಲಿ, ಮೂರು ದಿನ ರಾಗಿ ಗಂಜಿ ಕುಡಿಸಿ ಚಮಚದ ರೂಢಿಯಾದ ಮೇಲೆ, ಮೊದಲು ಚಮಚದ ತುದಿಯಷ್ಟು, ಹತ್ತು ನಿಮಿಷ ಬಿಟ್ಟು ಉಳಿದದ್ದು, ಆಮೇಲೆ ಎರಡು ತಾಸು ನಿಗಾ. ಏನೂ ಆಗಲಿಲ್ಲ. ನೆಗಡಿ-ಜ್ವರ ಇದ್ದ ದಿನ ಹೊಸ ಆಹಾರ ಶುರು ಮಾಡಬಾರದು.

ಮೊಟ್ಟೆಯ ಸವಾಲು ಪರೀಕ್ಷೆ, ಅಂದರೆ ಸ್ವಲ್ಪಸ್ವಲ್ಪವೇ ತಿನ್ನಿಸಿ ಪ್ರತಿಕ್ರಿಯೆ ನೋಡುವುದು, 28ನೇ ವಾರ, ಆಸ್ಪತ್ರೆಯಲ್ಲಿ. ತೀವ್ರ ಅಲರ್ಜಿಗೆ ಚುಚ್ಚುವ ತುರ್ತು ಔಷಧ ಅಡ್ರಿನಲಿನ್ (ಸಾವಿರಕ್ಕೆ ಒಂದರದು) ತೂಕದ ಲೆಕ್ಕದಲ್ಲಿ, ಕಿಲೋಗೆ 0.01 ಮಿ.ಲೀ., ಅಂದರೆ 0.07 ಮಿ.ಲೀ., ತೊಡೆಯ ಹೊರಮಗ್ಗುಲ ಸ್ನಾಯುವಿಗೆ ಎಂದು ಬರೆದು ಸಿದ್ಧವಿಟ್ಟಿದ್ದರು. ಚೆನ್ನಾಗಿ ಬೇಯಿಸಿದ ಮೊಟ್ಟೆಯ ಬಿಳಿ ಅರ್ಧ ಗ್ರಾಂನಿಂದ ಶುರು, ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟು. 2 ಗ್ರಾಂ ತುತ್ತಿನ ಹದಿನೈದು ನಿಮಿಷಕ್ಕೆ ಬಾಯಿಯ ಸುತ್ತ, ಆಮೇಲೆ ಎದೆಯ ಮೇಲೆ ಪಿತ್ತದ ಗಂದೆಗಳೆದ್ದವು. ವಾಂತಿಯಿಲ್ಲ, ಉಸಿರು ಸರಿ, ಅಳು ಎಂದಿನದೇ. ಅಳು ಗೊಗ್ಗರಾಗುವುದು, ಮಗು ಥಟ್ಟನೆ ಮಂಕಾಗಿ ಜೋಲುವುದು, ಮೇಲಿಂದ ಮೇಲೆ ವಾಂತಿ ಇವುಗಳಲ್ಲಿ ಒಂದಿದ್ದರೂ ಅಡ್ರಿನಲಿನ್ ಚುಚ್ಚಬೇಕಾಗುತ್ತಿತ್ತು. ಅಲರ್ಜಿ ತಗ್ಗಿಸುವ ಸೆಟಿರಿಜಿನ್ 2.5 ಮಿ.ಗ್ರಾಂ ಸಾಕಾಯಿತು, ನಾಲ್ಕು ತಾಸು ಇರಿಸಿಕೊಂಡು ಕಳಿಸಿದರು. ಮೊಟ್ಟೆ ಅಲರ್ಜಿ ಖಚಿತವಾಯಿತು. ಏಳನೇ ವಾರದಲ್ಲಿ ಚರ್ಮ ಮುಚ್ಚಿದ್ದರೆ ಇದು ತಪ್ಪುತ್ತಿತ್ತೆಂದು ಈ ಒಂದು ಕೂಸಿನ ಮಟ್ಟಿಗೆ ಯಾರೂ ಆಣೆ ಮಾಡಲಾರರು, ಆದರೆ ಜಪಾನಿನ ಅಂಕಿಗಳು ಯಾವ ಕಡೆ ಬೊಟ್ಟು ಮಾಡುತ್ತವೆ ಎಂಬುದು ಮೇಲೆಯೇ ಇದೆ.

13 ತಿಂಗಳಿಗೆ

ಏಳನೇ ತಿಂಗಳಿಗೆ ತೂಕ 6.8 ಕಿಲೋ, ಗೆರೆಗೆ ಮರಳಿತು. ರಾತ್ರಿ ಒಂದೇ ಸಲ ಏಳುತ್ತಿತ್ತು. ಎರಡನೇ ಚಳಿಗಾಲ ಶುರುವಾದಾಗ ಮೊಣಕೈ ಮಡಿಕೆಯಲ್ಲಿ ಸಣ್ಣಗೆ ಕೆಂಪು, ಎರಡು ದಿನದ ಚಿಕಿತ್ಸೆಗೆ ಇಳಿಯಿತು. ಶೇಂಗಾ ವಾರಕ್ಕೆ ಮೂರು ಸಲ ನಡೆದಿದೆ. ಊರಿಗೆ ಹೋದ ಒಂದು ತಿಂಗಳು ತಪ್ಪಿತ್ತು, ಹಿಂತಿರುಗಿದ ಮೇಲೆ ಅರ್ಧ ಚಮಚದಿಂದ ಮತ್ತೆ ಏರಿಸಿದರು. ಎಳ್ಳು, ಗೋಡಂಬಿ ಪೇಸ್ಟು, ಗೋಧಿ, ಕಡಲೆಬೇಳೆ ಎಲ್ಲ ಒಂದೊಂದಾಗಿ ಸೇರಿವೆ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯನ್ನು ಮೊಟ್ಟೆ ಅಲರ್ಜಿಯೆಂದು ಮುಂದೂಡಲು ಆಸ್ಪತ್ರೆಯ ಸಿಸ್ಟರ್ ಹೊರಟಿದ್ದರು. ಮೊಟ್ಟೆ ಅಲರ್ಜಿ ಆ ಲಸಿಕೆಗೆ ಅಡ್ಡಿಯಲ್ಲ, ಅಂದೇ ಹಾಕಿಸಿದ್ದಾಯಿತು.

ಮೊಟ್ಟೆ ಅಲರ್ಜಿಯಿರುವ ಕೂಸುಗಳಲ್ಲಿ ಬಹುಪಾಲು ಹಿಟ್ಟಿನೊಳಗೆ ಬೇಕ್ ಮಾಡಿದ ಮೊಟ್ಟೆಯನ್ನು ತಾಳಿಕೊಳ್ಳುತ್ತವೆ. ಈ ಕೂಸು ಹನ್ನೆರಡನೇ ತಿಂಗಳಲ್ಲಿ ಆಸ್ಪತ್ರೆಯಲ್ಲೇ ಕೇಕಿನ ಒಂದು ತುಂಡು ತಿಂದು ಪಾಸಾಯಿತು. ಈಗ ವಾರಕ್ಕೆರಡು ಸಲ, ಒಳಗೂ ಪೂರ್ತಿ ಬೆಂದ, ಮೇಲೆ ಕೆನೆಯಿಲ್ಲದ ತುಂಡು, ತಂದೆಯ ಮನೆಯಲ್ಲಿ. ಆಮ್ಲೆಟ್ಟು, ಬೇಯಿಸಿದ ಮೊಟ್ಟೆ ಇನ್ನೂ ಇಲ್ಲ. ಮೆಲ್ಬರ್ನಿನ ಮಕ್ಕಳಲ್ಲಿ ಮೊಟ್ಟೆ ಅಲರ್ಜಿ ಆರು ವರ್ಷದ ಹೊತ್ತಿಗೆ ಶೇ. 89 ಮಂದಿಗೆ ಬಿಟ್ಟುಹೋಗಿತ್ತು, ಶೇಂಗಾ ಅಲರ್ಜಿ ಬಿಟ್ಟದ್ದು ಶೇ. 29 ಮಂದಿಗೆ ಮಾತ್ರ. ಬೇಯಿಸಿದ ಮೊಟ್ಟೆಯ ಮುಂದಿನ ಪರೀಕ್ಷೆ ಹದಿನೆಂಟನೇ ತಿಂಗಳಿಗೆ ನಿಗದಿಯಾಗಿದೆ.